ಹೆಸರು ಬಿಡಿ, ಚೀಜು ಹಿಡಿಯಿರಿ

ಮುಂಬೈಯ ಮಾಟುಂಗಾ, ಮಾಹಿಮ್ ಕಡೆಯ ಸಭಾಗೃಹಗಳಲ್ಲಿ ಗಾಯನ ಮುಗಿದು ಎಲ್ಲರೂ ಚಪ್ಪಲಿ ಹುಡುಕುತ್ತಿರುವ ಹೊತ್ತಿಗೆ ಯಾರಾದರೊಬ್ಬ ಹುಡುಗ ಬಂದೇ ಬರುತ್ತಾನೆ. ‘ಕಾಕಾ, ಹೊಸಬರೊಳಗ ಯಾರನ್ನ ಕೇಳಬೇಕ್ರಿ? ಒಂದೈದು ಹೆಸರು ಹೇಳ್ರಲ್ಲ.’

ಹೆಸರು ಹೇಳುವುದು ನನಗೇನೂ ಕಷ್ಟವಲ್ಲ. ಹೇಳಿದರೆ ಆಗುವುದೇನು ಎಂಬುದು ಗೊತ್ತಿರುವುದರಿಂದಲೇ ಬಾಯಿ ಬರುವುದಿಲ್ಲ. ಐದೂ ಹೆಸರನ್ನು ಮೊಬೈಲಿಗೆ ತುಂಬಿಕೊಳ್ಳುತ್ತಾನೆ. ಗವಾಯಿ ಇನ್ನೂ ಷಡ್ಜ ಬಿಟ್ಟು ಮೇಲೆದ್ದಿಲ್ಲ, ಅಷ್ಟರಲ್ಲಿ ಇವನ ಬೆರಳು ತಾನುಗಳು ಎಲ್ಲಿವೆಯೆಂದು ಪರದೆಯ ಮೇಲೆ ಮುಂದೆ ಮುಂದೆ ಜಾರುತ್ತದೆ. ರಾತ್ರಿ ನನಗೊಂದು ಸಂದೇಶ: ‘ಛಲೋ ಹಾಡ್ಯಾರ್ರಿ.’ ಮುಂದಿನ ಸಲ ಸಿಕ್ಕಾಗ ಮತ್ತೈದು ಹೆಸರು ಬೇಕು. ಹೀಗೆ ಹೆಸರು ಕೂಡಿಹಾಕಿದವರು ನನ್ನ ಪರಿಚಯದಲ್ಲಿ ಬಹಳ ಜನ ಇದ್ದಾರೆ. ಯಾರು ಯಾರ ಶಿಷ್ಯರು, ಯಾರಿಗೆ ಯಾವ ಪ್ರಶಸ್ತಿ ಬಂತು ಎಲ್ಲ ಬಲ್ಲರು. ಕೇದಾರ ರಾಗವನ್ನು ಹಮೀರದಿಂದ ಬೇರ್ಪಡಿಸಿ ಹೇಳಿರಪ್ಪಾ ಎಂದರೆ ಗಡಿಯಾರ ನೋಡಿಕೊಂಡು ಲೋಕಲ್ ತಪ್ಪುತ್ತದೆಂದು ಹೊರಟುಬಿಡುತ್ತಾರೆ.

ಹೊಸ ಗಾಯಕರನ್ನು ಕಂಡುಕೊಳ್ಳಬೇಕೆಂದರೆ ಗಾಯಕರ ಬೆನ್ನು ಹತ್ತಬಾರದು. ಒಂದೇ ಒಂದು ಚೀಜು, ಎಂದರೆ ರಾಗದಲ್ಲಿ ಕಟ್ಟಿದ ಒಂದು ಹಾಡು, ಹಿಡಿದುಕೊಳ್ಳಬೇಕು. ಅದನ್ನು ಯಾರು ಯಾರು ಹಾಡಿದ್ದಾರೋ ಅವರೆಲ್ಲರ ಮನೆಗೂ ಅದೇ ನಿಮ್ಮನ್ನು ಕರೆದೊಯ್ಯುತ್ತದೆ. ಸಮ್ ಎಂದರೇನು, ಠೇಕಾ ಎಂದರೇನು ಎಂದು ನಾನಿಲ್ಲಿ ಪಾಠ ಮಾಡುವುದಿಲ್ಲ. ಅದಕ್ಕೆ ಪುಸ್ತಕಗಳಿವೆ, ಮುಂದಿನ ಸಾಲಿನಲ್ಲಿ ಕೂತು ತೊಡೆಯ ಮೇಲೆ ಮಾತ್ರೆ ಎಣಿಸುವ ಹಿರಿಯರಿದ್ದಾರೆ, ಅವರ ಕೈ ನೋಡಿ.

ನನ್ನ ಕಿವಿ ತೆರೆದದ್ದೂ ಒಂದು ಚೀಜಿನಿಂದಲೇ. ಮಾಟುಂಗಾದಲ್ಲಿ ನಮ್ಮ ಸೋದರಮಾವನ ಒಂದೂವರೆ ಖೋಲಿಯ ಮನೆಯಲ್ಲಿ ಒಂದು ಗ್ರಾಮಫೋನ್ ಇತ್ತು. ಅದರ ಮೇಲೆ ಮತ್ತೆ ಮತ್ತೆ ತಿರುಗುತ್ತಿದ್ದದ್ದು ಆಗ್ರಾ ಘರಾಣೆಯ ಉಸ್ತಾದ್ ಫಯ್ಯಾಜ್ ಖಾನರ ಜಯಜಯವಂತಿ, ‘ಮೋರೆ ಮಂದಿರ’ ಎಂದು ಎತ್ತುಗಡೆಯಾಗುವ ಚೀಜು. ಮೂರು ಚಿಲ್ಲರೆ ನಿಮಿಷದ ತಟ್ಟೆ. ಕೊನೆಯ ತಾನು ಮುಗಿಯುವುದರೊಳಗೆ ಸೂಜಿ ಒಳಗಿನ ಗೆರೆಗೆ ಬಂದು ಕರಕರ ಎನ್ನುತ್ತಿತ್ತು. ನನಗದು ಮಾವನ ಚಹಾದಷ್ಟೇ ದಿನನಿತ್ಯದ ಸಂಗತಿ. ಹಾಡು ಬಾಯಿಪಾಠವಾಗಿತ್ತು, ಕೇಳಿದ್ದೆ ಎಂದು ಹೇಳಲಾರೆ.

ಮುಂದೊಂದು ದಿನ ಮಾವ ನನ್ನನ್ನು ಸಾಯನ್ನಿನ ಒಂದು ಮನೆ ಬೈಠಕ್ಕಿಗೆ ಎಳೆದುಕೊಂಡು ಹೋದರು. ಹಾಡಿದವರು ಯಾವ ಪತ್ರಿಕೆಯಲ್ಲೂ ಹೆಸರು ಬಾರದ ಒಬ್ಬ ಸಂಗೀತ ಮಾಸ್ತರರು. ಜಾಜಮಿನ ಮೇಲೆ ನಾವು ನಾಲ್ಕಾರು ಮಂದಿ, ಒಂದು ತಂಬೂರಿ, ಒಂದು ಪೇಟಿ. ಅವರು ಕೆಳಗಿನ ಪಂಚಮದಿಂದ ನೇರ ರಿಷಭಕ್ಕೆ ಬಂದು ನಿಂತರು. ಆ ರಿಷಭವನ್ನು ಬಿಡದೆ ಕೋಮಲ ಗಾಂಧಾರವನ್ನು ಒಮ್ಮೆ ಸೋಕಿ ಮತ್ತೆ ರಿಷಭಕ್ಕೇ ಇಳಿದರು. ನನ್ನ ಮೈ ಜುಮ್ಮೆಂದಿತು. ಅದೇ ಚೀಜು! ಆದರೆ ತಟ್ಟೆಯಲ್ಲಿ ಮೂರು ನಿಮಿಷಕ್ಕೆ ಮುಗಿದುಹೋಗುತ್ತಿದ್ದದ್ದು ಇಲ್ಲಿ ಮುಗಿಯುತ್ತಲೇ ಇಲ್ಲ. ಎತ್ತುಗಡೆಯ ಸಾಲು, ಮುಖಡಾ, ಪ್ರತಿ ಸಲ ಬೇರೆ ದಾರಿಯಿಂದ ಸಮ್ಮಿಗೆ ಬರುತ್ತಿದೆ. ಒಮ್ಮೆ ಅವಸರದಲ್ಲಿ ಕೊನೆಯ ಎರಡು ಮಾತ್ರೆಯಲ್ಲಿ ನುಗ್ಗಿತು, ಒಮ್ಮೆ ಅರ್ಧ ಆವರ್ತ ಮೊದಲೇ ಹೊರಟು ಆರಾಮಾಗಿ ನಡೆದುಬಂತು, ಒಮ್ಮೆ ಬಂದೇ ಬಿಟ್ಟಿತು ಎನ್ನುವಾಗ ತಪ್ಪಿಸಿಕೊಂಡು ಇನ್ನೊಂದು ಸುತ್ತು ಹಾಕಿತು. ದಾರಿಯನ್ನು ಮೊದಲೇ ಬಲ್ಲವನಾದ್ದರಿಂದ ಅವರು ಎಲ್ಲಿ ಹೊರಳಿದರು, ಎಲ್ಲಿ ನಿಂತರು ಎಂಬುದೆಲ್ಲ ನನಗೆ ಕಾಣುತ್ತಿತ್ತು. ಆ ಮಾಸ್ತರರ ಹೆಸರು ಹೇಳಿ ಕಳಿಸಿದ್ದರೆ ನಾನು ಹೋಗುತ್ತಲೇ ಇರಲಿಲ್ಲ.

ಇನ್ನು ಅಂಕಿತದ ಮಾತು. ಈ ವಿಷಯದಲ್ಲಿ ನಾನು ಸ್ವಲ್ಪ ಹುಚ್ಚ ಎಂದು ಮನೆಯವರೂ ಹೇಳುತ್ತಾರೆ. ಕೂಡಲಸಂಗಮದೇವ ಎಂದ ಕೂಡಲೇ ಬಸವಣ್ಣ, ಪುರಂದರವಿಠಲ ಎಂದರೆ ದಾಸರು ಎಂದು ಹೇಳುವ ಕನ್ನಡಿಗರಿಗೆ ಖ್ಯಾಲಿನ ಎರಡನೆಯ ಭಾಗವಾದ ಅಂತರಾದಲ್ಲೂ ಅಂಕಿತ ಇರುತ್ತದೆಂಬುದು ಹೊಳೆಯುವುದೇ ಇಲ್ಲವಲ್ಲ! ‘ಸದಾರಂಗ’ ಎಂದು ಕೇಳಿದರೆ ಅದು ದೆಹಲಿಯ ಮಹಮ್ಮದ್ ಶಾಹ್ ರಂಗೀಲೆಯ ಆಸ್ಥಾನದ ನಿಯಾಮತ್ ಖಾನ್, ಹದಿನೆಂಟನೆಯ ಶತಮಾನ. ‘ಪ್ರೇಮಪಿಯಾ’ ಎಂದರೆ ಫಯ್ಯಾಜ್ ಖಾನ್. ‘ಪ್ರಾಣಪಿಯಾ’ ವಿಲಾಯತ್ ಹುಸೇನ್ ಖಾನ್, ‘ಸಜನಪಿಯಾ’ ಖಾದಿಮ್ ಹುಸೇನ್ ಖಾನ್. ಈ ಇಬ್ಬರು ಆಗ್ರಾದವರಿಂದ ಮುಂಬೈ ಪಡೆದದ್ದು ಸ್ವಲ್ಪವಲ್ಲ. ‘ಗುಣಿದಾಸ’ ಜಗನ್ನಾಥಬುವಾ ಪುರೋಹಿತ. ‘ಸುಜಾನ’ ಶ್ರೀಕೃಷ್ಣ ರಾತಂಜನಕರ. ಆ ಸುಜಾನರ ಶಿಷ್ಯ, ನಮ್ಮ ಬೈಲಹೊಂಗಲದ ಕೆ.ಜಿ. ಗಿಂಡೆಯವರು ತಾವು ಕಟ್ಟಿದ ಚೀಜುಗಳಲ್ಲಿ ‘ಸುಜಾನಸುತ’ ಎಂದು ಹಾಕಿಕೊಂಡರು. ಅದೇ ಗುರುವಿನ ಇನ್ನೊಬ್ಬ ಶಿಷ್ಯ ದಿನಕರ ಕಾಯ್ಕಿಣಿಯವರದು ‘ದಿನರಂಗ’. ಒಂದು ಅಂಕಿತ ಹಿಡಿದು ಎಳೆದರೆ ಗುರು, ಗುರುಬಂಧು, ಶಿಷ್ಯ, ಮೊಮ್ಮಗ ಶಿಷ್ಯ ಎಲ್ಲರೂ ಬರುತ್ತಾರೆ. ಮೊಬೈಲಿನ ಯಂತ್ರ ಈ ಕೆಲಸ ಮಾಡುವುದಿಲ್ಲ. ನೀವು ನಿನ್ನೆ ಕೇಳಿದ್ದನ್ನೇ ಇವತ್ತು ಬೇರೆ ಅಂಗಿ ತೊಡಿಸಿ ಮುಂದಿಡುತ್ತದೆ ಅಷ್ಟೆ.

ಈಗಿನ ಕೆಲವರು ಅಂತರಾ ಹಾಡುವುದನ್ನೇ ಬಿಟ್ಟಿದ್ದಾರೆ. ಸ್ಥಾಯಿಯ ಮುಖಡಾ ಒಂದನ್ನು ಇಟ್ಟುಕೊಂಡು ಅರ್ಧ ಗಂಟೆ ತಾನು ಹೊಡೆದು ಎದ್ದುಹೋಗುತ್ತಾರೆ. ಕರ್ತೃವಿನ ಹೆಸರು ಅಂತರಾದಲ್ಲಿದೆ ಸ್ವಾಮಿ! ಅದನ್ನು ನುಂಗಿದರೆ ಕೇಳುವವನು ಯಾರ ಮನೆಗೆ ಹೋಗಬೇಕು? ಸಾಹಿತ್ಯ ಅಸ್ಪಷ್ಟವಾದರೂ ಪರವಾಗಿಲ್ಲ, ಅದು ಬ್ರಜ್ ಭಾಷೆ, ಗಾಯಕನಿಗೇ ಅರ್ಧ ತಿಳಿದಿರುವುದಿಲ್ಲ. ಅಂಕಿತ ಮಾತ್ರ ಕೇಳಿಸಬೇಕು. ಕೇಳಿಸದಿದ್ದರೆ ವಿರಾಮದಲ್ಲಿ ಪೇಟಿಯವರನ್ನು ಕೇಳಿ. ಅವರಿಗೆ ಎಲ್ಲರ ಚೀಜೂ ಗೊತ್ತಿರುತ್ತದೆ, ಅವರನ್ನು ಕೇಳುವವರು ಮಾತ್ರ ಯಾರೂ ಇರುವುದಿಲ್ಲ.

ಚೀಜು ಬೆನ್ನತ್ತುವವನಿಗೆ ಮುಂಬೈಗಿಂತ ಒಳ್ಳೆಯ ಊರು ಇನ್ನೊಂದಿಲ್ಲ. ಊರೂರು ತಿರುಗಿ ಉಸ್ತಾದರ ಕಾಲು ಹಿಡಿದು ಚೀಜು ಸಂಗ್ರಹಿಸಿದ ವಿಷ್ಣು ನಾರಾಯಣ ಭಾತಖಂಡೆ ಈ ಊರಿನ ವಾಲಕೇಶ್ವರದವರು, 1860ರಲ್ಲಿ ಹುಟ್ಟಿದ ವಕೀಲರು. ಅವರ ‘ಕ್ರಮಿಕ ಪುಸ್ತಕ ಮಾಲಿಕಾ’ದ ಆರು ಭಾಗಗಳಲ್ಲಿ ಹೆಚ್ಚುಕಡಿಮೆ 1800 ಚೀಜುಗಳು ಸ್ವರಲಿಪಿ ಸಮೇತ ಇವೆ. ಮೂಲ ಮರಾಠಿ, ಹಾಥರಸದಿಂದ ಬಂದ ಹಿಂದಿ ಆವೃತ್ತಿ ಈಗಲೂ ಸಿಗುತ್ತದೆ. ಅವರ ಶಿಷ್ಯ ರಾತಂಜನಕರರು ಫಯ್ಯಾಜ್ ಖಾನರಲ್ಲೂ ಕಲಿತರು. ಅವರ ಹಿಂದೆ ಹುಡುಗನಾಗಿದ್ದಾಗಲೇ ಲಖನೌಗೆ ಹೋದ ಗಿಂಡೆಯವರು ಮುಂಬೈಗೆ ಬಂದು ಸಾಯನ್ನಿನ ವಲ್ಲಭ ಸಂಗೀತಾಲಯದಲ್ಲಿ 1994ರಲ್ಲಿ ತೀರಿಕೊಳ್ಳುವವರೆಗೂ ಕಲಿಸಿದರು. ಸಾವಿರಾರು ಚೀಜುಗಳು ಅವರಿಗೆ ಕಂಠಸ್ಥವಾಗಿದ್ದವು. ಬೇರೆ ಘರಾಣೆಯ ಗವಾಯಿಗಳೂ ಅನುಮಾನ ಬಂದರೆ ಅವರನ್ನು ಕೇಳುತ್ತಿದ್ದರು. ಬೆಂಗಳೂರಿನಲ್ಲಿ ಹುಟ್ಟಿದ ಚಿದಾನಂದ ನಗರಕರರು ಚೌಪಾಟಿಯ ಭಾರತೀಯ ವಿದ್ಯಾಭವನದ ಸಂಗೀತ ಶಾಲೆಯನ್ನು ಕಟ್ಟಿದರು, ಮುಂದೆ ಕಾಯ್ಕಿಣಿಯವರು ಅಲ್ಲೇ ಪ್ರಾಚಾರ್ಯರಾದರು. ಇಷ್ಟು ಮಂದಿ ಕನ್ನಡ ನೆಲದವರು ಈ ಊರಿನಲ್ಲಿ ಚೀಜಿನ ಭಂಡಾರ ಕಾಯ್ದುಕೊಂಡು ಕೂತಿದ್ದಾಗ ನಮ್ಮವರು ಎಲ್ಲಿದ್ದರು? ಷಣ್ಮುಖಾನಂದ ಸಭಾಗೃಹದಲ್ಲಿ ‘ದಾಸರ ಪದ ಆಗಲಿ’ ಎಂದು ಚೀಟಿ ಕಳಿಸುತ್ತಿದ್ದರು.

ಭೀಮಸೇನ ಜೋಶಿಯವರ ದಾಸವಾಣಿಯ ಮೇಲೆ ನನಗೇನೂ ಸಿಟ್ಟಿಲ್ಲ. ರೇಡಿಯೋದಲ್ಲಿ ಹಾಡಲು 1943ರಲ್ಲಿ ಈ ಊರಿಗೆ ಬಂದವರು ಅವರು, ಆ ಕಂಠದಿಂದ ಏನು ಬಂದರೂ ಕೇಳಬಹುದು. ಸಿಟ್ಟಿರುವುದು ಅವರ ಶುದ್ಧ ಕಲ್ಯಾಣ ನಡೆಯುವಾಗ ಹೊರಗೆ ಬಟಾಟೆವಡೆ ತಿನ್ನುತ್ತ ನಿಂತು, ‘ಪದ ಶುರುವಾಯಿತೇನು?’ ಎಂದು ಇಣುಕಿ ನೋಡುತ್ತಿದ್ದವರ ಮೇಲೆ. ಅವರ ಮಕ್ಕಳು ಈಗ ದೀಪಾವಳಿ ಪಹಾಟದ ನಸುಕಿನ ಕಛೇರಿಗೆ ಜರಿ ಉಟ್ಟು ಬಂದು, ತಬಲಾ ಮತ್ತು ಡ್ರಮ್ಮಿನ ಸವಾಲ್ ಜವಾಬಿಗೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ. ಒಂಬತ್ತು ಸಲ ತಿಹಾಯಿ ಹೊಡೆದರೆ ಒಂಬತ್ತು ಸಲವೂ ತಟ್ಟುತ್ತಾರೆ. ಸಮ್ಮು ಎಲ್ಲಿ ಬಿತ್ತೆಂದು ಕಲಾವಿದ ಕೈಯೆತ್ತಿ ತೋರಿಸಬೇಕು.

ಇದರ ಎದುರು ತುದಿಯವರೂ ಇದ್ದಾರೆ: ಅಪರೂಪದ ರಾಗದ ಹೆಸರು ಶೇಖರಿಸುವವರು. ಇವರಿಗೆ ಮಲ್ಲಿಕಾರ್ಜುನ ಮನಸೂರರು ಎಂದರೆ ಸಂಪೂರ್ಣ ಮಾಲಕಂಸ, ಶಿವಮತ ಭೈರವ, ಏಕ ನಿಷಾದ ಬಿಹಾಗಡಾ ಎಂಬೊಂದು ಪಟ್ಟಿ. ಮನಸೂರರ ಕಡೆಯಿಂದ ಕಲಿಯಬೇಕಾದದ್ದು ಬೇರೆಯೇ ಇದೆ. ಧ್ವನಿಮುದ್ರಿಕೆಗಳಾಗಿ ಹೆಸರು ಬಂದಮೇಲೂ ಅವರು ಮುಂಬೈಯಲ್ಲಿ ಜಯಪುರ ಘರಾಣೆಯ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಮುಂದೆ ಶಿಷ್ಯನಾಗಿ ಕೂತರು. 1937ರಲ್ಲಿ ಮಂಜಿ ಖಾನರು ತೀರಿಹೋದಮೇಲೆ ಅವರ ತಮ್ಮ ಭುರ್ಜಿ ಖಾನರ ಬಳಿ ಕಲಿಕೆ ಮುಂದುವರಿಸಿದರು. ‘ನನ್ನ ರಸಯಾತ್ರೆ’ ಓದಿ, ಸಣ್ಣ ಪುಸ್ತಕ. ಆಮೇಲೆ ಅವರ ಒಂದು ಬಿಹಾಗಡಾ ಹಿಡಿದು ಕೂತುಕೊಳ್ಳಿ. ಅದೇ ಜಯಪುರದ ಚೀಜನ್ನು ಕೇಸರಬಾಯಿ ಕೇರಕರ, ಮೋಗೂಬಾಯಿ ಕುರ್ಡೀಕರ, ಕಿಶೋರಿ ಅಮೋಣಕರರಲ್ಲಿ ಯಾರಾದರೂ ಹಾಡಿದ್ದಾರೆಯೇ ಎಂದು ಹುಡುಕಿ. ಒಂದೇ ಖಜಾನೆಯ ಮಾಲು, ಆದರೆ ಮನಸೂರರು ಉಸಿರು ಬಿಡುವುದಕ್ಕೂ ಪುರುಸೊತ್ತಿಲ್ಲದೆ ಸುತ್ತುತ್ತಾರೆ, ಕಿಶೋರಿಯವರು ಒಂದು ಸ್ವರದ ಬಾಗಿಲಲ್ಲೇ ನಿಂತುಬಿಡುತ್ತಾರೆ. ಯಾರು ಇಷ್ಟವಾದರು ಎಂಬುದು ಆಮೇಲಿನ ಮಾತು.

ತಟ್ಟೆಯ ಸಂಗೀತ ಬರಿ ಸತ್ತ ಸಂಗೀತ ಎನ್ನುವವರಿಗೆ ಕುಮಾರ ಗಂಧರ್ವರ ಬಾಲ್ಯ ಉತ್ತರ. 1924ರಲ್ಲಿ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದ ಆ ಹುಡುಗ ದೊಡ್ಡ ದೊಡ್ಡ ಉಸ್ತಾದರ ಗ್ರಾಮಫೋನ್ ಹಾಡುಗಳನ್ನು ಕೇಳಿ ಕೇಳಿ ಹಾಗೇ ಎತ್ತಿಟ್ಟಂತೆ ಹಾಡುತ್ತಿದ್ದ. ಆಪೇರಾ ಹೌಸ್ ಬಳಿಯ ದೇವಧರ ಮಾಸ್ತರರ ಸಂಗೀತ ಶಾಲೆಗೆ ಬಂದಮೇಲೆ ಎಷ್ಟೋ ಘರಾಣೆಗಳ ಚೀಜುಗಳು ಕಿವಿಗೆ ಬಿದ್ದವು. ಮುಂದೆ ತಾವೇ ಕಟ್ಟಿದ್ದನ್ನು 1965ರಲ್ಲಿ ‘ಅನೂಪರಾಗವಿಲಾಸ’ ಎಂದು ಮುಂಬೈಯ ಮೌಜ್ ಪ್ರಕಾಶನದಿಂದ ತಂದರು. ಕಾಳಾ ಘೋಡಾದ ರಿದಮ್ ಹೌಸ್ 2016ರಲ್ಲಿ ಬಾಗಿಲು ಹಾಕಿತೆಂದು ಅಳುತ್ತ ಕೂರುವ ಕಾರಣವಿಲ್ಲ. ಚೋರ್ ಬಜಾರಿನಲ್ಲಿ ಹಳೆಯ ತಟ್ಟೆ ಹುಡುಕುವ ತಾಳ್ಮೆ ಇಲ್ಲದವರಿಗೆ ಮೊಬೈಲೇ ಸಾಕು. ಆದರೆ ಅದರಲ್ಲಿ ಗಾಯಕನ ಹೆಸರು ಹಾಕಬೇಡಿ. ರಾಗದ ಹೆಸರು, ಚೀಜಿನ ಮೊದಲ ಎರಡು ಪದ, ಇಷ್ಟೇ ಹಾಕಿ. ದೇವನಾಗರಿಯಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಕಾಗುಣಿತದಲ್ಲಿ. ಯಾವುದೋ ಜಿಲ್ಲೆಯ ಶಾಲೆಯೊಂದರ ಟೀಚರಮ್ಮ ಅಡುಗೆಮನೆ ಗೋಡೆಯ ಮುಂದೆ ಕೂತು ಹಾಡಿದ್ದು ಸಿಕ್ಕರೆ ಬಿಡಬೇಡಿ. ನನ್ನ ಒಳ್ಳೆಯ ಲಾಭಗಳೆಲ್ಲ ಅಂಥ ಕಡೆಯಿಂದಲೇ ಬಂದಿವೆ.

ಕೇಳುವ ಹೊತ್ತಿನ ಬಗ್ಗೆ ಒಂದು ಮಾತು. ಈ ಊರಿನ ಹೆಚ್ಚಿನ ಕಾರ್ಯಕ್ರಮಗಳು ಶನಿವಾರ, ಭಾನುವಾರ ಸಂಜೆ. 2000ದ ಶಬ್ದಮಾಲಿನ್ಯ ನಿಯಮ ಬಂದಮೇಲೆ ತೆರೆದ ಜಾಗದಲ್ಲಿ ರಾತ್ರಿ ಹತ್ತರ ನಂತರ ಧ್ವನಿವರ್ಧಕವಿಲ್ಲ, ಅಹೋರಾತ್ರಿ ಸಮ್ಮೇಳನಗಳ ಕತೆ ಮುಗಿಯಿತು. ಹಾಗಾಗಿ ಮಾರವಾ, ಪೂರಿಯಾ, ಯಮನ್ ಇವೇ ಸುತ್ತುತ್ತವೆ. ದರಬಾರಿಯನ್ನು ಒಂಬತ್ತೂವರೆಗೆ ಅವಸರದಲ್ಲಿ ಮುಗಿಸುತ್ತಾರೆ. ಪ್ರಭಾದೇವಿಯ ರವೀಂದ್ರ ನಾಟ್ಯಮಂದಿರದ ಅಂಗಳದಲ್ಲಿ ‘ಪ್ರಾತಃಸ್ವರ’ ನಡೆದರೆ ಮೊದಲ ಲೋಕಲ್ ಹಿಡಿದು ಹೋಗಿ. ಲಲತ್, ತೋಡಿಯ ಚೀಜುಗಳು ಹೊತ್ತಿಗೆ ಸರಿಯಾಗಿ ಕಿವಿಗೆ ಬೀಳುವುದು ಅಲ್ಲೇ.

ಸಿತಾರು, ಸರೋದಿನ ಬಗ್ಗೆ ನನ್ನನ್ನು ಕೇಳಬೇಡಿ, ಸಾಹಿತ್ಯವಿಲ್ಲದೆ ನನಗೆ ಕಾಲೂರಲು ಜಾಗ ಸಿಗುವುದಿಲ್ಲ. ಠುಮರಿ ಆಮೇಲೆ. ಗಜಲ್ ಬೇಡ.

ಇಷ್ಟಾದರೂ ಹುಡುಗರು ಹೆಸರಿಗೇ ಗಂಟುಬೀಳುತ್ತಾರೆ, ಆದ್ದರಿಂದ ಎರಡು ಮೂರು ಹೇಳಿಬಿಡುತ್ತೇನೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಹತ್ತಿರ ಬೆಳೆದ ವೆಂಕಟೇಶಕುಮಾರರನ್ನು ಮುಂಬೈ ತಡವಾಗಿ ಕಂಡುಕೊಂಡಿತು. ಅವರು ಹೊಸಬರಲ್ಲ, ನೀವು ಹೊಸಬರು. ದಿನಕರ ಕಾಯ್ಕಿಣಿಯವರ ಮಗಳು ಅದಿತಿ ಕಾಯ್ಕಿಣಿ ಉಪಾಧ್ಯರಲ್ಲಿ ‘ದಿನರಂಗ’ ಅಂಕಿತದ ಚೀಜುಗಳು ಸಿಗುತ್ತವೆ. ಅದಿತಿಯವರ ಸೋದರ ಯೋಗೇಶ ಸಂಸಿ ತಬಲಾಕ್ಕೆ ಕೂತಿದ್ದರೆ ಗಾಯಕರು ಯಾರೆಂದು ನೋಡದೆ ಟಿಕೆಟ್ ತೆಗೆಯಿರಿ. ‘ಸಜನಪಿಯಾ’ರ ಶಿಷ್ಯೆ ಲಲಿತ್ ರಾವ್, ಅವರ ಶಿಷ್ಯೆ ಬೆಂಗಳೂರಿನ ಭಾರತೀ ಪ್ರತಾಪ್: ಇವರಿಬ್ಬರದೂ ಒಂದೇ ಚೀಜು ಸಿಕ್ಕರೆ ಬೆನ್ನಿಗೆ ಬೆನ್ನು ಹಚ್ಚಿ ಕೇಳಿ.

ಮುಂದಿನ ಸಲ ಸಭಾಗೃಹದಲ್ಲಿ ಸಿಕ್ಕಾಗ ಕೈಯಲ್ಲೊಂದು ವಹಿ ಇರಲಿ. ರಾಗ, ತಾಳ, ಎತ್ತುಗಡೆಯ ಎರಡು ಪದ, ಅಂಕಿತ, ಯಾರಿಂದ ಕಲಿತದ್ದು, ಇಷ್ಟು ಬರೆದು ತನ್ನಿ. ‘ಛಲೋ ಹಾಡ್ಯಾರ್ರಿ’ ಎಂಬುದನ್ನು ಅದರಲ್ಲಿ ಬರೆಯುವ ಅಗತ್ಯವಿಲ್ಲ.