ಪ್ರವೇಶಪರೀಕ್ಷೆಯೂ ಹೇತ್ವಾಭಾಸವೂ
ಕಲ್ಲೋಳಿಯ ಬೆಲ್ಲದ ಗಾಣದಲ್ಲಿ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಸದನುಮಾನವು. ಬೆಂಕಿಯನ್ನು ಕಂಡು ಹೊಗೆಯನ್ನು ಊಹಿಸಿದರೆ ಅದು ಸವ್ಯಭಿಚಾರವು; ಕಾಯ್ದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. 2008ರಲ್ಲಿ ಮೊದಲಾದ ಕ್ಲ್ಯಾಟ್ ಎಂಬ ಕಾನೂನು ಪ್ರವೇಶಪರೀಕ್ಷೆಯಂತಹವುಗಳ ತರ್ಕಪ್ರಶ್ನೆಗಳಲ್ಲಿಯೂ ವಿದ್ಯಾರ್ಥಿಯು ಇಂತಹ ವ್ಯಾಪ್ತಿದೋಷವನ್ನು ಗುರುತಿಸಬೇಕಾಗುವುದು.

ಆದರೆ ಅನ್ನಂಭಟ್ಟನ ತರ್ಕಸಂಗ್ರಹದ ಐದು ಹೇತ್ವಾಭಾಸಗಳನ್ನೂ ಅಲ್ಲಿ ಹಾಗೆಯೇ ಹಚ್ಚುವುದು ಒಪ್ಪತಕ್ಕುದಲ್ಲ. ನಿಗಮನದ ಪ್ರಶ್ನೆಯಲ್ಲಿ ಪರೀಕ್ಷಕನು ಕೇಳುವುದು, ಕೊಟ್ಟ ಮಾತುಗಳನ್ನು ನಿಜವೆಂದು ಒಪ್ಪಿದರೆ ನಿಗಮನವು ಸಿದ್ಧಿಸುವುದೋ ಎಂಬುದನ್ನು ಮಾತ್ರ. “ಕಬ್ಬೆಲ್ಲ ಕಹಿ, ಇದು ಕಬ್ಬು, ಆದುದರಿಂದ ಇದು ಕಹಿ” ಎಂಬುದು ಪ್ರತ್ಯಕ್ಷವಿರುದ್ಧವಾದುದರಿಂದ ನೈಯಾಯಿಕನಿಗೆ ಬಾಧಿತವು, ಪರೀಕ್ಷಕನಿಗೋ ನಿರ್ದುಷ್ಟವು. ನಮ್ಮ ಶಾಸ್ತ್ರವು ಸತ್ಯವನ್ನೂ ಅರಸುವುದು, ಪರೀಕ್ಷೆಯು ಸಂಗತಿಯನ್ನಷ್ಟೇ. ಈ ಭೇದವನ್ನು ಮೊದಲು ತಿಳಿಸದ ಪಾಠದಿಂದ ಶಾಸ್ತ್ರಕ್ಕೂ ಶಿಷ್ಯನಿಗೂ ಹಾನಿಯೇ.