ಹತ್ತಂಕಿ ಸಂಖ್ಯೆಯ ಮುಂದೆ ಡಿಎನ್‌ಡಿ

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2018ರ ಜುಲೈನಲ್ಲಿ ಹೊರಡಿಸಿದ ವಾಣಿಜ್ಯ ಸಂದೇಶಗಳ ನಿಯಮಾವಳಿಗೆ ತಂತ್ರಜ್ಞಾನ ಬಲ್ಲವರ ನಡುವೆ ಇಂದಿಗೂ ಒಳ್ಳೆಯ ಹೆಸರಿದೆ. ಸ್ಪ್ಯಾಮ್ ತಡೆಯಲು ಬ್ಲಾಕ್‌ಚೈನ್ ಬಳಸಿದ ಧೈರ್ಯವನ್ನು ಮೆಚ್ಚಿ ಬರೆದವರು ಬಹಳ. ಬೆಂಗಳೂರಿನ ಕೆ.ಆರ್.ಪುರದಲ್ಲೋ ಹಲಸೂರಿನಲ್ಲೋ ಫೋನ್ ಇಟ್ಟುಕೊಂಡು ಬದುಕುವವರಿಗೆ ಈ ಮೆಚ್ಚುಗೆ ಗಂಟಲಿಗಿಳಿಯುವುದು ಕಷ್ಟ. ಬೈಯಪ್ಪನಹಳ್ಳಿಯಿಂದ ಕೆ.ಆರ್.ಪುರದವರೆಗಿನ ಮೆಟ್ರೊ ಕೊಂಡಿ 2023ರ ಅಕ್ಟೋಬರ್‌ನಲ್ಲಿ ಕೂಡಿಕೊಂಡ ಮೇಲಂತೂ ‘ಮೆಟ್ರೊಗೆ ಐದೇ ನಿಮಿಷ, ಸೈಟ್ ವಿಸಿಟ್‌ಗೆ ಕ್ಯಾಬ್ ಉಚಿತ’ ಎಂಬ ಧಾಟಿಯ ಕರೆಗಳಿಗೆ ಹೊಸದೊಂದು ನೆಪ ಸಿಕ್ಕಿದೆ.

2007ರ ‘ಡು ನಾಟ್ ಕಾಲ್’ ಪಟ್ಟಿ, 2011ರಲ್ಲಿ ಜಾರಿಗೆ ಬಂದ ಹೊಸ ನಿಯಮ, ‘ಡು ನಾಟ್ ಡಿಸ್ಟರ್ಬ್’ಗೆ (ಡಿಎನ್‌ಡಿ) ಸೇರಲು 1909ಕ್ಕೆ ಕಳಿಸುವ ‘ಸ್ಟಾರ್ಟ್ 0’ ಎಲ್ಲರಿಗೂ ಗೊತ್ತಿರುವ ಕತೆ. ನೋಡಬೇಕಾದ್ದು ಈಗಿನ ವ್ಯವಸ್ಥೆ ಯಾರನ್ನು ಹಿಡಿಯುತ್ತದೆ, ಯಾರನ್ನು ಬಿಡುತ್ತದೆ ಎಂಬುದನ್ನು.

ನೋಂದಾಯಿತ ಸಂಸ್ಥೆಯಿಂದ ಬಂದ ಒಂದು ಎಸ್ಸೆಮ್ಮೆಸ್ಸನ್ನು ತೆರೆದು ಕಳಿಸಿದವರ ಹೆಸರಿನ ಜಾಗ ನೋಡಿ. ಮೊದಲ ಅಕ್ಷರ ದೂರಸಂಪರ್ಕ ಕಂಪನಿಯದು, ಎರಡನೆಯದು ವಲಯದ್ದು; ಅಲ್ಲಿ ‘ಎಕ್ಸ್’ ಇದ್ದರೆ ಕರ್ನಾಟಕ. ಆಮೇಲೆ ಸಂಸ್ಥೆಯ ಹೆಸರಿನ ಹೆಡರ್. 2025ರ ಫೆಬ್ರವರಿಯ ತಿದ್ದುಪಡಿಯಿಂದ ಕೊನೆಗೊಂದು ಅಕ್ಷರವೂ ಸೇರಿದೆ: ಜಾಹೀರಾತಿಗೆ ‘ಪಿ’, ಸೇವೆಗೆ ‘ಎಸ್’, ವಹಿವಾಟಿಗೆ ‘ಟಿ’, ಸರ್ಕಾರಕ್ಕೆ ‘ಜಿ’. ಸಂದೇಶದ ಒಕ್ಕಣೆಯನ್ನೂ ಮೊದಲೇ ನೋಂದಾಯಿಸಬೇಕು. ಬದಲಾಗುವ ಹೆಸರು, ಮೊತ್ತಗಳಿಗಷ್ಟೇ ಖಾಲಿ ಜಾಗ. ಕೆಲಸ ಅಚ್ಚುಕಟ್ಟಾದದ್ದು, ಅದನ್ನು ಒಪ್ಪಲೇಬೇಕು.

ಆದರೆ ಈ ಅಚ್ಚುಕಟ್ಟುತನ ಮುಂಬಾಗಿಲಿನಿಂದ ಬರುವವರಿಗೆ ಮಾತ್ರ. 2021ರ ಮಾರ್ಚ್ 8ರಂದು ಒಕ್ಕಣೆಯ ತಪಾಸಣೆ ಬಿಗಿಯಾದಾಗ ತಡೆಬಿದ್ದದ್ದು ಬ್ಯಾಂಕುಗಳ ಒಟಿಪಿಗಳಿಗೆ. ದೇಶದಾದ್ಯಂತ ಪಾವತಿಗಳು ಕೈಕೊಟ್ಟವು. ಮರುದಿನವೇ ಟ್ರಾಯ್ ಏಳು ದಿನಗಳ ಮಟ್ಟಿಗೆ ತಪಾಸಣೆಯನ್ನು ನಿಲ್ಲಿಸಿತು. ಸಾಮಾನ್ಯ ಹತ್ತಂಕಿ ಸಿಮ್‌ನಿಂದ ಫ್ಲ್ಯಾಟ್ ಮಾರುವವನಿಗೆ ಹೆಡರೂ ಇಲ್ಲ, ಒಕ್ಕಣೆಯೂ ಇಲ್ಲ. ಆ ಜರಡಿ ಅವನನ್ನು ಮುಟ್ಟಲೇ ಇಲ್ಲ. ಹೊಗಳಿ ಬರೆದವರು ಈ ಪ್ರಸಂಗವನ್ನು ತಾಂತ್ರಿಕ ಎಡವಟ್ಟು ಎಂದು ದಾಟಿಬಿಡುತ್ತಾರೆ. ವ್ಯವಸ್ಥೆಯ ಸ್ವಭಾವವೇ ಅಲ್ಲಿ ಬಯಲಾಗಿತ್ತು.

ಹತ್ತಂಕಿಯವನ ವಿರುದ್ಧ ಉಳಿಯುವುದು ದೂರು. ಕರೆ ಬಂದ ಏಳು ದಿನದೊಳಗೆ ಸಂಖ್ಯೆ, ದಿನಾಂಕ, ವಿಷಯ ಬರೆದು ದೂರಬೇಕು. ಹಿಂದೆ ಏಳು ದಿನದಲ್ಲಿ ಹತ್ತು ದೂರು ಬಿದ್ದರೆ ಕ್ರಮ ಎಂದಿದ್ದದ್ದು ಈಗ ಹತ್ತು ದಿನದಲ್ಲಿ ಐದಕ್ಕೆ ಇಳಿದಿದೆ. ಕ್ರಮಕ್ಕಿದ್ದ ಗಡುವು 30 ದಿನದಿಂದ ಐದಕ್ಕೆ ಬಂದಿದೆ. ಡಿಎನ್‌ಡಿಯಲ್ಲಿ ಇಲ್ಲದವರೂ ದೂರಬಹುದು. ಸುಧಾರಣೆ ನಿಜ. ಆದರೂ ಒಬ್ಬನ ಹೊರಕರೆ ನಿಲ್ಲಬೇಕಾದರೆ ಒಬ್ಬರಿಗೊಬ್ಬರು ಗೊತ್ತಿಲ್ಲದ ಐದು ಮಂದಿ ಹತ್ತೇ ದಿನದೊಳಗೆ ತಮ್ಮ ಕೆಲಸ ಬಿಟ್ಟು ಕೂತು ಬರೆಯಬೇಕು. ಮೊದಲ ಸಲಕ್ಕೆ ಹದಿನೈದು ದಿನದ ತಡೆ, ಮತ್ತೆ ತಪ್ಪಿದರೆ ವರ್ಷದ ಮಟ್ಟಿಗೆ ಸಂಪರ್ಕ ಕಡಿತ. ಕರೆಗಳನ್ನು ನಾಲ್ಕಾರು ಸಿಮ್‌ಗಳಿಗೆ ಹಂಚಿದವನಿಗೆ ಇದು ದೊಡ್ಡ ಭಯವೇನಲ್ಲ. ವಾಟ್ಸ್ಆ್ಯಪ್ ಈ ನಿಯಮದ ಕೈಗೆ ಸಿಗುವುದೇ ಇಲ್ಲ.

ಇಲ್ಲಿ ಇನ್ನೊಂದು ವಾದ ಅಡ್ಡ ಬರುತ್ತದೆ: ಗೊತ್ತಿಲ್ಲದ ಸಂಖ್ಯೆಯನ್ನು ಎತ್ತಬೇಡಿ, ಬ್ಲಾಕ್ ಮಾಡಿ ಮುಂದೆ ಹೋಗಿ. ಅಂಕಣಕಾರರು ಪದೇಪದೇ ಕೊಡುವ ಈ ಸಲಹೆ ತಿಂಗಳ ಸಂಬಳದವರಿಗೆ ಹೇಳಿ ಮಾಡಿಸಿದ್ದು. ಶಿವಾಜಿನಗರದ ದರ್ಜಿಗೆ, ಹಲಸೂರಿನ ಪ್ಲಂಬರ್‌ಗೆ, ಇಂದಿರಾನಗರದ ಅಡ್ಡರಸ್ತೆಗಳಲ್ಲಿ ಊಟ ತಲುಪಿಸುವ ಹುಡುಗನಿಗೆ ಗೊತ್ತಿಲ್ಲದ ಸಂಖ್ಯೆ ಎಂದರೆ ಗಿರಾಕಿ. ಎತ್ತದಿದ್ದರೆ ಆ ದಿನದ ದುಡಿಮೆಯೇ ಹೋಗಬಹುದು. ಏಣಿ ಮೇಲೆ ನಿಂತು ನಲ್ಲಿ ಬಿಚ್ಚುತ್ತಿರುವವನು ಕೈ ಒರೆಸಿಕೊಂಡು ಫೋನ್ ತೆಗೆದರೆ ಆ ಕಡೆಯಿಂದ ‘ಸರ್, ಪರ್ಸನಲ್ ಲೋನ್ ಬೇಕಾ?’ ಈ ನಷ್ಟ ಯಾವ ವಿಮರ್ಶಕರ ಲೆಕ್ಕಕ್ಕೂ ಬಂದಿಲ್ಲ. ಸ್ಪ್ಯಾಮನ್ನು ಬರೀ ಕಿರಿಕಿರಿ ಎಂದು ಕರೆಯುವವರು ಯಾರ ಸಮಯಕ್ಕೆ ಬೆಲೆ ಕಟ್ಟುತ್ತಿದ್ದಾರೆ, ಯಾರ ಸಮಯಕ್ಕೆ ಇಲ್ಲ ಎಂಬುದನ್ನು ಹೇಳಬೇಕು.

ಟ್ರೂಕಾಲರ್ ಇದೆಯಲ್ಲ ಎನ್ನುವವರಿಗೂ ಇದೇ ಮಾತು. ಸ್ವೀಡನ್‌ನಲ್ಲಿ 2009ರಲ್ಲಿ ಹುಟ್ಟಿದ ಆ ಆ್ಯಪ್‌ಗೆ ಭಾರತವೇ ಅತಿದೊಡ್ಡ ಮಾರುಕಟ್ಟೆ, ಜಾಹೀರಾತೇ ಮುಖ್ಯ ಆದಾಯ. ನಿಯಂತ್ರಕರು ಕೊಡಬೇಕಾದ ರಕ್ಷಣೆಯನ್ನು ಜಾಹೀರಾತು ನೋಡಿ ಪಡೆಯಿರಿ ಎನ್ನುವುದು ಪರಿಹಾರವಲ್ಲ.

ಸಂಖ್ಯೆ ಸೋರುವ ಜಾಗಗಳಲ್ಲಿ ಬಿಲ್ಲಿಂಗ್ ಕೌಂಟರೂ ಒಂದು. ಕಮರ್ಷಿಯಲ್ ಸ್ಟ್ರೀಟ್ ಆಗಲಿ, ಇಂದಿರಾನಗರದ 100 ಅಡಿ ರಸ್ತೆಯಾಗಲಿ, ಒಂದು ಅಂಗಿ ಕೊಂಡರೂ ‘ಮೊಬೈಲ್ ನಂಬರ್ ಹೇಳಿ’ ಎನ್ನುವುದು ರೂಢಿ. ನಂಬರ್‌ಗಾಗಿ ಒತ್ತಾಯಿಸಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇನಲ್ಲಿ ಹೇಳಿತು. ರೂಢಿ ಹಾಗೇ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ ಮೊಕದ್ದಮೆಗೆ ಹೆಸರು ಕೊಟ್ಟ ಅರ್ಜಿದಾರ, ನಿವೃತ್ತ ನ್ಯಾಯಮೂರ್ತಿ ಕೆ.ಎಸ್.ಪುಟ್ಟಸ್ವಾಮಿ, ಇದೇ ಊರಿನಲ್ಲಿ ಬಾಳಿದವರು. ಆ ಹಕ್ಕು ಇನ್ನೂ ಇಲ್ಲಿನ ಬಿಲ್ಲಿಂಗ್ ಕೌಂಟರ್‌ವರೆಗೆ ಬಂದಿಲ್ಲ.

ಹಾಗಾದರೆ ಹಿಡಿಯಬೇಕಾದ್ದು ಸಿಮ್ಮನ್ನಲ್ಲ, ಕರೆಯಿಂದ ಲಾಭ ಪಡೆಯುವವನನ್ನು. ಫ್ಲ್ಯಾಟಿನ ವಿಷಯದಲ್ಲಿ ಅದಕ್ಕೆ ಬೇಕಾದ ಕಾನೂನು ಆಗಲೇ ಇದೆ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ (ರೇರಾ) 11(2)ನೇ ಕಲಂ ಪ್ರಕಾರ ಬಿಲ್ಡರ್‌ನ ಜಾಹೀರಾತಿನಲ್ಲಿ ಯೋಜನೆಯ ನೋಂದಣಿ ಸಂಖ್ಯೆ, ಪ್ರಾಧಿಕಾರದ ಜಾಲತಾಣದ ವಿಳಾಸ ಇರಲೇಬೇಕು. ಯಾವುದೇ ಮಾಧ್ಯಮದ ಪ್ರಚಾರವೂ ಆ ಕಾಯ್ದೆಯ ಕಣ್ಣಿನಲ್ಲಿ ಜಾಹೀರಾತೇ. ಉಲ್ಲಂಘಿಸಿದರೆ ಯೋಜನಾ ವೆಚ್ಚದ ಶೇ 5ರವರೆಗೆ ದಂಡ. ನೋಂದಣಿಯಿಲ್ಲದ ಏಜೆಂಟ್‌ಗೆ ದಿನಕ್ಕೆ 10,000 ರೂಪಾಯಿ. 1909ಕ್ಕೆ ಬೀಳುವ ಫ್ಲ್ಯಾಟ್ ಮಾರಾಟದ ದೂರುಗಳನ್ನು ಟ್ರಾಯ್ ನೇರವಾಗಿ ಕರ್ನಾಟಕ ರೇರಾಗೆ ಕಳಿಸಿಕೊಟ್ಟರೆ, ಸಿಮ್ ಬದಲಿಸಿದರೂ ಬಿಲ್ಡರ್‌ನ ಹೆಸರು ಬದಲಾಗುವುದಿಲ್ಲವಾದ್ದರಿಂದ ಕೆ.ಆರ್.ಪುರದ ಕರೆಗಳ ವಿಚಾರಣೆಯನ್ನು ಅಲ್ಲಿಂದಲೇ ಶುರುಮಾಡಬಹುದು.