ತನ್ನ ಮನೆಯಲ್ಲೇ ಒಂಟಿಯಾದ ದನಿ

2000ದ ಡಿಸೆಂಬರ್ 24ರ ರಾತ್ರಿ. ಇಂಡೋನೇಷ್ಯದ ಪೂರ್ವ ಜಾವಾದ ಮೊಜೊಕರ್ತೊ ಪಟ್ಟಣದ ದೇವಾಲಯವೊಂದರಲ್ಲಿ ಕ್ರಿಸ್ತಜಯಂತಿಯ ಆರಾಧನೆ ನಡೆದಿತ್ತು. ಕಾವಲಿಗೆ ನಿಂತಿದ್ದ ರಿಯಾಂತೊ ಎಂಬ ಮುಸ್ಲಿಂ ತರುಣ ಅಲ್ಲಿ ಸಿಕ್ಕ ಬಾಂಬನ್ನು ಹೊರಗೊಯ್ದ. ಅದು ಸಿಡಿದು ಪ್ರಾಣ ತೆತ್ತ. ಅವನು ಆ ದೇಶದ ಅತಿ ದೊಡ್ಡ ಮುಸ್ಲಿಂ ಸಂಘಟನೆಯಾದ ನಹ್ದತುಲ್ ಉಲಮಾದ ಯುವದಳಕ್ಕೆ ಸೇರಿದವನು.

ಆ ಸಂಘಟನೆಯನ್ನು 1984ರಿಂದ 1999ರವರೆಗೆ ಮುನ್ನಡೆಸಿ, ಅನಂತರ ರಾಷ್ಟ್ರಾಧ್ಯಕ್ಷರಾದವರು ಅಬ್ದುರ್ರಹಮಾನ್ ವಾಹಿದ್. ಅವರ ವಿಚಾರಗಳನ್ನು ಮುಂದುವರಿಸಲೆಂದು 2004ರಲ್ಲಿ ಜಕಾರ್ತದಲ್ಲಿ ವಾಹಿದ್ ಸಂಸ್ಥೆ ಎಂಬ ಚಿಂತನ ಕೇಂದ್ರ ಹುಟ್ಟಿತು. ಬಹುತ್ವವನ್ನು ಒಪ್ಪುವ ಶಾಂತಿಪ್ರಿಯ ಇಸ್ಲಾಂ ಅದರ ಧ್ಯೇಯ. ಮುಚ್ಚಿಸಲಾದ ಚರ್ಚುಗಳು, ಹಿಂಸೆಗೊಳಗಾದ ಅಹ್ಮದೀಯರು, ಇವರ ಸಂಕಟವನ್ನು ಅದು ತನ್ನ ವರದಿಗಳಲ್ಲಿ ದಾಖಲಿಸಿತು. ಪರರ ನೋವಿಗೆ ಸಾಕ್ಷಿಯಾಗುವುದು ಸಣ್ಣ ಕೆಲಸವಲ್ಲ. ಅದರ ಚಿಂತನೆ ಎರವಲು ತಂದದ್ದೂ ಅಲ್ಲ. ಜಾವಾದ ಧಾರ್ಮಿಕ ಪಾಠಶಾಲೆಗಳಲ್ಲೇ ಬೇರೂರಿದ್ದು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಈ ದನಿ ತನ್ನವರಿಗೇ ಎಷ್ಟು ಕೇಳಿಸಿತು? 1965ರ ಧರ್ಮನಿಂದನೆ ಕಾನೂನನ್ನು ರದ್ದುಗೊಳಿಸಬೇಕೆಂದು 2009ರಲ್ಲಿ ಸಂವಿಧಾನ ನ್ಯಾಯಾಲಯದ ಮೊರೆಹೊಕ್ಕವರಲ್ಲಿ ವಾಹಿದರೂ ಒಬ್ಬರು. ಅದನ್ನು ವಿರೋಧಿಸಿದವರಲ್ಲಿ ಅವರೇ ಮುನ್ನಡೆಸಿದ್ದ ನಹ್ದತುಲ್ ಉಲಮಾದ ನಾಯಕತ್ವವೂ ಇತ್ತು. ತೀರ್ಪಿಗೆ ಮುನ್ನವೇ, ಅದೇ ಡಿಸೆಂಬರಿನಲ್ಲಿ, ವಾಹಿದರು ನಿಧನರಾದರು. 2010ರಲ್ಲಿ ಅರ್ಜಿ ವಜಾ ಆಯಿತು. 2017ರಲ್ಲಿ ಜಕಾರ್ತದ ಕ್ರೈಸ್ತ ರಾಜ್ಯಪಾಲ ಅಹೋಕ್ ಧರ್ಮನಿಂದನೆಯ ಆರೋಪದಲ್ಲೇ ಸೆರೆಮನೆ ಸೇರಿದರು.

ಚರ್ಚಿನ ಬಾಗಿಲು ಕಾಯುವ ತರುಣರನ್ನು ಕಳುಹಿಸಿದ ಸಂಘಟನೆಯೇ ಇಂಥ ಕಾನೂನನ್ನೂ ಕಾಯ್ದುಕೊಂಡಿತು. ನೆರೆಯವನನ್ನು ರಕ್ಷಿಸುವುದು ಬೇರೆ, ಅವನಿಗೆ ಸಮಾನ ಹಕ್ಕು ಕೊಡುವುದು ಬೇರೆ. ಈ ಅಂತರವನ್ನು ವಾಹಿದ್ ಸಂಸ್ಥೆ ಸರಿಯಾಗಿಯೇ ಗುರುತಿಸಿತು, ದಾಟಿಸಲು ಅದರಿಂದಾಗಲಿಲ್ಲ. ವರದಿಯನ್ನು ಪಂಡಿತರು ಓದುತ್ತಾರೆ. ಮನಸ್ಸು ತಿದ್ದುವುದು ಮನೆಯಲ್ಲಿ, ಶುಕ್ರವಾರದ ಪ್ರವಚನದಲ್ಲಿ.

ಹೀಗೆನ್ನುವಾಗ ನಮ್ಮತ್ತಲೂ ನೋಡಿಕೊಳ್ಳಬೇಕು. ಅದೇ 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಮುಸ್ಲಿಮರನ್ನು ಧರ್ಮಸಭೆ ಗೌರವದಿಂದ ಕಾಣುತ್ತದೆಂದು ಸಾರಿತು. ಆ ಮಾತು ನಮ್ಮ ಧರ್ಮಕೇಂದ್ರಗಳ ಎಷ್ಟು ಮನೆಗಳ ಊಟದ ಹರಟೆಯನ್ನು ತಿದ್ದಿದೆ? ದಯಾಳು ಸಮಾರಿತನ ಸಾಮತಿಯನ್ನು ಮಕ್ಕಳಿಗೆ ಹೇಳುವಾಗ, ರಿಯಾಂತೊವಿನ ಹೆಸರನ್ನೂ ಒಮ್ಮೆ ಹೇಳೋಣ.